ಬರಹದ ಅಡಿಯಲ್ಲಿ ಅಳಿಸಿದ ಬರಹ: ಪ್ಯಾಲಿಂಪ್ಸೆಸ್ಟ್ ಎಂಬ ಪರಿಕಲ್ಪನೆ

ಬರೆದದ್ದನ್ನು ಕೆರೆದು ಅಳಿಸಿ, ಅದೇ ಹಾಳೆಯ ಮೇಲೆ ಬೇರೊಂದನ್ನು ಬರೆದ ಹಸ್ತಪ್ರತಿಗೆ ಪ್ಯಾಲಿಂಪ್ಸೆಸ್ಟ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ 'ಪಾಲಿನ್' ಎಂದರೆ ಮತ್ತೆ, 'ಪ್ಸಾಓ' ಎಂದರೆ ಉಜ್ಜು ಅಥವಾ ಕೆರೆ. ಈ ಎರಡು ಸೇರಿ ಹುಟ್ಟಿದ ಪದ ಲ್ಯಾಟಿನ್ ಮೂಲಕ ಯುರೋಪಿನ ಇತರ ಭಾಷೆಗಳಿಗೆ ಹೋಯಿತು. ಗೆಳೆಯನೊಬ್ಬ ಇಂಥ ಹಾಳೆಯ ಮೇಲೆ ಬರೆದು ಕಳಿಸಿದ ಪತ್ರವನ್ನು ಕಂಡ ರೋಮಿನ ಸಿಸೆರೊ, ಅವನ ಮಿತವ್ಯಯವನ್ನು ಮೆಚ್ಚುತ್ತಲೇ, ಈ ಪತ್ರಕ್ಕಿಂತಲೂ ಅಳಿಸಲು ಯೋಗ್ಯವಾದದ್ದು ಅಲ್ಲಿ ಏನಿತ್ತೋ ಎಂದು ವಿನೋದವಾಗಿ ಕೇಳಿದ್ದುಂಟು. ಆ ಪದ ಮುಂದೆ ಗಂಭೀರವಾದ ವಿಚಾರಕ್ಕೂ ವಸ್ತುವಾಯಿತು.

ಮಧ್ಯಯುಗದ ಯುರೋಪಿನಲ್ಲಿ ಕುರಿ, ಆಡು, ಕರುಗಳ ಚರ್ಮವನ್ನು ಹದಮಾಡಿ ತಯಾರಿಸುತ್ತಿದ್ದ ಹಾಳೆ ದುಬಾರಿಯಾಗಿದ್ದುದರಿಂದ, ಬೇಡವಾದ ಗ್ರಂಥವನ್ನು ತೊಳೆದು ಕೆರೆದು ಮತ್ತೆ ಬಳಸುವುದು ಮಠಗಳಲ್ಲಿ ರೂಢಿಯಾಗಿತ್ತು. ಆರ್ಕಿಮಿಡೀಸನ ಕೃತಿಗಳ 10ನೆಯ ಶತಮಾನದ ಪ್ರತಿಯೊಂದು ಹೀಗೆಯೇ 13ನೆಯ ಶತಮಾನದಲ್ಲಿ ಪ್ರಾರ್ಥನಾ ಪುಸ್ತಕವಾಯಿತು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಪ್ರಾರ್ಥನೆಯ ಸಾಲುಗಳ ಅಡಿಯಲ್ಲಿ ಗಣಿತವನ್ನು ಓದಿದನು. ಶಾಯಿಯನ್ನು ಕೆರೆದರೂ ಅದರಲ್ಲಿದ್ದ ಕಬ್ಬಿಣದ ಅಂಶ ಚರ್ಮದೊಳಗೆ ಇಳಿದಿರುತ್ತದೆ. ಹೀಗಾಗಿ ಕಣ್ಣಿಗೆ ಸರಿಯಾಗಿ ಕಾಣದ ಸಾಲುಗಳನ್ನು ಇತ್ತೀಚೆಗೆ ಕ್ಷಕಿರಣಗಳ ನೆರವಿನಿಂದ ಓದಲು ಸಾಧ್ಯವಾಯಿತು. ವಿಚಿತ್ರವೆಂದರೆ, ಗಣಿತವನ್ನು ಅಳಿಸಿದ ಪ್ರಾರ್ಥನಾ ಪುಸ್ತಕವೇ ಆ ಹಾಳೆಗಳನ್ನು ಶತಮಾನಗಳ ಕಾಲ ಕಾಪಾಡಿತು.

ಕನ್ನಡ ನಾಡಿನಲ್ಲಿ ಇದಕ್ಕೆ ಸರಿಜೋಡಿ ಸಿಗುವುದು ಕಷ್ಟ. ಓಲೆಗರಿಯ ಮೇಲೆ ಕಂಟವೆಂಬ ಮೊನಚಾದ ಲೇಖನಿಯಿಂದ ಕೊರೆದ ಅಕ್ಷರವನ್ನು ಕೆರೆದು ತೆಗೆಯಲು ಬಾರದು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಕಡತವನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಆದರೆ ಒರೆಸಿದ ಮೇಲೆ ಹಳೆಯ ಲೆಕ್ಕ ಓದಲು ಸಿಗದ ಕಾರಣ ಅದೂ ಪ್ಯಾಲಿಂಪ್ಸೆಸ್ಟ್ ಆಗದು. ನಿಜವಾದ ಹೋಲಿಕೆ ಇರುವುದು ತಾಮ್ರಪಟಗಳಲ್ಲಿ: ಹಿಂದಿನ ಶಾಸನದ ಅಕ್ಷರಗಳನ್ನು ಬಡಿದು ಸಮಮಾಡಿ ಹೊಸ ದಾನಶಾಸನವನ್ನು ಕೊರೆದ ತಗಡುಗಳು ಭಾರತದಲ್ಲಿ ದೊರೆತಿದ್ದು, ಶಾಸನತಜ್ಞರು ಅವನ್ನು ಇದೇ ಹೆಸರಿನಿಂದ ಕರೆಯುತ್ತಾರೆ. ಸನ್ನತಿಯಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಅಶೋಕನ ಶಾಸನದ ಕಲ್ಲು ಬೇರೆಯ ಬಗೆಯದು. ಅಲ್ಲಿ ಕಲ್ಲಿನ ನಡುವೆ ಕುಳಿ ತೋಡಿದ್ದರಿಂದ ಕೆಲವು ಅಕ್ಷರಗಳು ನಾಶವಾದರೂ, ಬರಹದ ಮೇಲೆ ಬರಹ ಬರಲಿಲ್ಲ.

1845ರಲ್ಲಿ ಇಂಗ್ಲಿಷ್ ಲೇಖಕ ಥಾಮಸ್ ಡಿ ಕ್ವಿನ್ಸಿ ಮನುಷ್ಯನ ಮೆದುಳನ್ನೇ ಪ್ಯಾಲಿಂಪ್ಸೆಸ್ಟ್ ಎಂದು ಕರೆದು, ಮರೆತೆವೆಂದುಕೊಂಡ ಯಾವ ಅನುಭವವೂ ಪೂರ್ತಿ ಅಳಿದಿರುವುದಿಲ್ಲ ಎಂದು ವಾದಿಸಿದ ಮೇಲೆ, ಹಸ್ತಪ್ರತಿಶಾಸ್ತ್ರದ ಈ ಪದ ಸ್ಮೃತಿ, ಸಾಹಿತ್ಯ, ನಗರ, ಇತಿಹಾಸಗಳ ಚರ್ಚೆಗೂ ಬಂದಿತು. ಬಂದದ್ದೇನೋ ಸರಿ, ಆದರೆ ಹಳೆಯದು ಹೊಸದು ಒಂದೆಡೆ ಇದ್ದಲ್ಲೆಲ್ಲ ಅದನ್ನು ಬಳಸುವುದು ಸಡಿಲವಾದ ಬಳಕೆ. ನೆಲೆ ಒಂದೇ ಆಗಿರಬೇಕು, ಹಿಂದಿನದನ್ನು ತೆಗೆದುಹಾಕುವ ಕ್ರಿಯೆ ನಡೆದಿರಬೇಕು, ಮತ್ತು ಆ ಕ್ರಿಯೆ ಪೂರ್ಣವಾಗಿ ಫಲಿಸದೆ ಹಿಂದಿನದು ಓದಲು ಸಿಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿಯುವುದು ಬರಿಯ ಪದರಗಳ ರಾಶಿ.

ಈ ಅಳತೆಗೋಲನ್ನು ಕೃಷ್ಣಾ, ಘಟಪ್ರಭಾ ತೀರದ ಊರುಗಳಿಗೆ ಹಿಡಿದು ನೋಡಬಹುದು. 10ನೆಯ ಶತಮಾನದ ರನ್ನ ಕವಿಯ ಮುಧೋಳ ಮುಂದೆ ಘೋರ್ಪಡೆಯವರ ಸಂಸ್ಥಾನವಾಗಿ, ಜಮಖಂಡಿ ಪಟವರ್ಧನರ ಸಂಸ್ಥಾನವಾಗಿ, ಆಡಳಿತದಲ್ಲಿ ಮರಾಠಿ ನೆಲೆಗೊಂಡರೂ, ಮನೆ ಸಂತೆಗಳ ಕನ್ನಡ ಎಂದೂ ಅಳಿಯಲಿಲ್ಲ; ಅಳಿಯದ್ದು ಅಡಿಬರಹವೆನಿಸದು. ಬೀಳಗಿ ಭಾಗದಲ್ಲಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ನೆಲವನ್ನು ಮುಚ್ಚಿತು, ಜನ ಬೇರೆಡೆಗೆ ಹೋದರು. ಇಲ್ಲಿ ಅಳಿವು ನಿಜ, ಆದರೆ ಹೊಸ ಬದುಕು ಕಟ್ಟಿಕೊಂಡದ್ದು ಬೇರೆ ನೆಲದ ಮೇಲೆ. ಮೂರೂ ಲಕ್ಷಣ ಕೂಡಿಬರುವುದು ರಬಕವಿ-ಬನಹಟ್ಟಿಯಲ್ಲಿ. ನೇಕಾರರ ಈ ಜೋಡಿ ಊರುಗಳ ಪೈಕಿ ರಬಕವಿ ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. 1948ರಲ್ಲಿ ನಡೆದ ಸಂಸ್ಥಾನಗಳ ವಿಲೀನ ಆ ಗಡಿಯನ್ನು ಅಳಿಸಿತು, ಎರಡಕ್ಕೂ ಸೇರಿ ಒಂದೇ ನಗರಸಭೆ ಬಂದಿತು. ಆದರೂ ಎರಡು ಸಂಸ್ಥಾನಗಳ ಎರಡು ಊರುಗಳು ಒಂದಾದ ಗುರುತು ಹೆಸರಿನಲ್ಲಿ ಉಳಿದಿದೆ: ಸರಕಾರಿ ದಾಖಲೆಗಳಲ್ಲಿ ಇಂದಿಗೂ ನಗರದ ಹೆಸರು, ತಾಲೂಕಿನ ಹೆಸರು ರಬಕವಿ-ಬನಹಟ್ಟಿ ಎಂದೇ ಇದೆ.