ಯಂತ್ರದ ನಾದ, ಜೀವದ ಉಪಯೋಗ

'ಉಪಯೋಗ' ಎಂಬ ಪದಕ್ಕೆ ಪೇಟೆಯಲ್ಲಿ ಒಂದು ಅರ್ಥ, ಶಾಸ್ತ್ರದಲ್ಲಿ ಇನ್ನೊಂದು ಅರ್ಥ. ಗಿರಾಕಿಯು ಅಂಗಡಿಯಲ್ಲಿ ಒಂದು ವಸ್ತುವನ್ನು ಕೈಗೆತ್ತಿಕೊಂಡು "ಇದರ ಉಪಯೋಗವೇನು?" ಎಂದು ಕೇಳಿದಾಗ, ಅದು ಯಾವ ಕೆಲಸಕ್ಕೆ ಒದಗುತ್ತದೆ ಎಂಬುದಷ್ಟೇ ಅವನ ಪ್ರಶ್ನೆ. ಜೈನ ದರ್ಶನದಲ್ಲಾದರೋ ಉಪಯೋಗವೆಂದರೆ ಅರಿಯುವ ಮತ್ತು ಕಾಣುವ ಚೈತನ್ಯದ ವ್ಯಾಪಾರ. ಜೀವದ ಲಕ್ಷಣವೇ ಅದು. ಅಜೀವ ವಸ್ತುವಿಗೆ ಮೊದಲನೆಯ ಅರ್ಥದ ಉಪಯೋಗ ಎಷ್ಟಾದರೂ ಇರಬಹುದು, ಎರಡನೆಯ ಅರ್ಥದ ಉಪಯೋಗ ಇರಲಾರದು. ಗಣಕಯಂತ್ರವು ಚಿತ್ರ ಬರೆಯುವ, ಹಾಡು ಹೊಸೆಯುವ, ಪ್ರಶ್ನೆಗೆ ಉತ್ತರ ಕೊಡುವ ಈ ಕಾಲದಲ್ಲಿ ಈ ಎರಡು ಅರ್ಥಗಳನ್ನು ಬೇರ್ಪಡಿಸಿ ನೋಡುವುದು ಕೇವಲ ಪಾಂಡಿತ್ಯದ ವಿಷಯವಲ್ಲ. ಅದು ಮನೆಯ ಮಕ್ಕಳ ಶಿಕ್ಷಣಕ್ಕೆ ಸಂಬಂಧಿಸಿದ ವಿಷಯ.

ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಲ್ಲಿ ಸಂಗೀತ ಕಲಿಯಬಯಸುವ ಒಬ್ಬ ಬಾಲಕಿಯನ್ನು ಕಲ್ಪಿಸಿಕೊಳ್ಳಬಹುದು. ಅವಳ ಅಜ್ಜಿಯ ಕಾಲದಲ್ಲಿ ಅದಕ್ಕೆ ತಂಬೂರಿ ಬೇಕಾಗಿತ್ತು, ಅದನ್ನು ಮಿರಜಿನಿಂದ ತರಿಸಬೇಕಾಗಿತ್ತು, ಶ್ರುತಿ ಕೂಡಿಸಲು ಬಲ್ಲವರು ಬೇಕಾಗಿತ್ತು. ಈಗ ತಂದೆಯ ಮೊಬೈಲಿನಲ್ಲಿಯೇ ತಂಬೂರಿ ನುಡಿಯುತ್ತದೆ, ತಬಲದ ಠೇಕಾ ಬಾರಿಸುತ್ತದೆ. ಅವಳು ಹಾಡಿದ್ದನ್ನು ಹಿಡಿದಿಟ್ಟು ಮರಳಿ ಕೇಳಿಸುತ್ತದೆ. ಸ್ವರ ಏರಿತೋ ಇಳಿಯಿತೋ ಎಂಬುದನ್ನು ಗೆರೆ ಎಳೆದು ತೋರಿಸುತ್ತದೆ. ತನ್ನ ಪಂಚಮವು ಪ್ರತಿಸಲವೂ ಕೂದಲೆಳೆಯಷ್ಟು ಕೆಳಗೆ ಉಳಿಯುತ್ತದೆ ಎಂಬುದು ಅವಳಿಗೆ ಒಂದು ದಿನ ಗೊತ್ತಾಗುತ್ತದೆ. ಇದು ನಿಜವಾದ ಶೋಧನೆ. ಇದನ್ನು ಕಂಡುಕೊಂಡವರು ಯಾರು, ಯಂತ್ರವೋ ಬಾಲಕಿಯೋ? ಇಲ್ಲಿನ ನೈತಿಕ ಪ್ರಶ್ನೆಯೆಲ್ಲ ಈ ಚಿಕ್ಕ ಪ್ರಶ್ನೆಯಲ್ಲಿ ಅಡಗಿದೆ.

ಹೊಸ ವಾದ್ಯಗಳ ಬಗೆಗೆ ಹಿರಿಯರಲ್ಲಿ ಶಂಕೆ ಇರುವುದು ಹೊಸದೇನಲ್ಲ. ಹಾರ್ಮೋನಿಯಮ್ಮಿನ ಮನೆಗಳು ಸ್ಥಿರವಾದವು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಅದರಲ್ಲಿ ಹೊರಡದು ಎಂಬ ಆಕ್ಷೇಪವಿತ್ತು. 1940ರಲ್ಲಿ ಆಕಾಶವಾಣಿಯು ಅದನ್ನು ಪ್ರಸಾರದಿಂದ ಹೊರಗಿಟ್ಟಿತು. ಆ ನಿಷೇಧ ಸಡಿಲವಾದುದು 1971ರಲ್ಲಿ. ಆಕ್ಷೇಪದಲ್ಲಿ ಸತ್ಯಾಂಶವಿತ್ತು, ಆದರೆ ಅದು ಪೂರ್ಣ ಸತ್ಯವಾಗಿರಲಿಲ್ಲ. ಅದೇ ಹಾರ್ಮೋನಿಯಂ ಹಳ್ಳಿಗಳ ಭಜನಾ ಮಂಡಳಿಗಳಿಗೂ ನಾಟಕ ಕಂಪನಿಗಳಿಗೂ ಸ್ವರಜ್ಞಾನವನ್ನು ಮುಟ್ಟಿಸಿತು. ಅನೇಕಾಂತ ದೃಷ್ಟಿಯುಳ್ಳವರು ಒಂದು ನಯವನ್ನೇ ಹಿಡಿದು ತೀರ್ಪು ಕೊಡಲಾಗದು.

ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅದು ಸುಲಭದ ಕೆಲಸವಾಗಿರಲಿಲ್ಲವೆಂಬುದಕ್ಕೆ ಸರ್ ಸಿ. ವಿ. ರಾಮನ್ ಅವರ 1921ರ ಸಂಶೋಧನೆಯೇ ಸಾಕ್ಷಿ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರ ಕೇಳಿಸಬಾರದು ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಒಂದು ನಿಯಮವಿದೆ. ತಂಬೂರಿಯಲ್ಲಿ ಆ ಉಪಸ್ವರವೂ ಕೇಳಿಸುತ್ತದೆ. ಬಾಗಿದ ಕುದುರೆ ಮತ್ತು ಅದರ ಮೇಲೆ ತಂತಿಯ ಅಡಿಯಲ್ಲಿ ಇಡುವ ನೂಲಿನ ಎಳೆ ಇದಕ್ಕೆ ಕಾರಣವೆಂದು ರಾಮನ್ನರು ವಿವರಿಸಿದರು. ಆ ಎಳೆಯ ಸ್ಥಾನವನ್ನು ಹೆಸರಿಲ್ಲದ ಕುಶಲಕರ್ಮಿಗಳು ಬಹು ಹಿಂದೆಯೇ ಕಿವಿಯಿಂದ ಕಂಡುಕೊಂಡಿದ್ದರು.

ಕಿವಿಯ ಮಾತು ಬಂದಾಗ ಈ ಭಾಗದ ಜನ ಇಬ್ಬರನ್ನು ಮರೆಯಲಾರರು. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 1914ರಲ್ಲಿ ಅದೇ ತಾಲ್ಲೂಕಿನ ದೇವಗಿರಿಯಲ್ಲಿ ಜನಿಸಿದರು. ಇಬ್ಬರೂ ಅಂಧರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಅಂಧರಿಗೂ ಬಡವರಿಗೂ ಅನ್ನವಿಟ್ಟು ವಿದ್ಯೆ ಕೊಟ್ಟರು. ಸ್ವರ ತಪ್ಪಿತೆಂದು ಹೇಳುವ ಗೆರೆ ಅವರ ಮುಂದೆ ಇರಲಿಲ್ಲ. ಇದ್ದರೂ ಅವರಿಗೆ ಕಾಣುತ್ತಿರಲಿಲ್ಲ. ಸಾಧನದ ಅಭಾವವನ್ನು ಹೊಗಳುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಅವರಲ್ಲಿದ್ದ ಕೇಳುವ ಶಕ್ತಿಯು ಯಾವ ಸಾಧನದೊಳಗೂ ಕೂಡುವಂಥದಲ್ಲ ಎಂಬುದನ್ನು ತೋರಿಸಲು ಹೇಳಿದೆ.

ಯಂತ್ರದೊಳಗೆ ಕೂಡುವುದು ಯಾವುದು? 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯ ಕ್ರಮವನ್ನು ನೋಡಬಹುದು. ಧ್ವನಿಯ ಅಲೆಯನ್ನು ಒಂದು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದಕ್ಕೆ ಹೊಂದಿಸಿ, ಅಂಕಿಯಾಗಿ ಬರೆದಿಡುವುದು ಆ ಕ್ರಮ. ಶಬ್ದವು ಆಕಾಶದ ಗುಣವೆಂದು ನ್ಯಾಯ ವೈಶೇಷಿಕರು ಹೇಳಿದರು; ಜೈನಾಚಾರ್ಯರು ಅದನ್ನು ಪುದ್ಗಲದ ಪರ್ಯಾಯವೆಂದರು. ಶಾಸ್ತ್ರದ ಮಾತಿಗೆ ಯಂತ್ರದ ಸಾಕ್ಷಿ ಬೇಕಾಗಿಲ್ಲ. ಆದರೆ ಶಬ್ದವು ಪುದ್ಗಲವೆಂದು ಬಲ್ಲವನಿಗೆ ಅದನ್ನು ಹಿಡಿಯಬಹುದು, ಅಳೆಯಬಹುದು, ಮರಳಿ ಹೊರಡಿಸಬಹುದು ಎಂಬುದರಲ್ಲಿ ಆಶ್ಚರ್ಯವೂ ಇಲ್ಲ, ಭಯವೂ ಇಲ್ಲ. ಹಿಡಿದಿಟ್ಟದ್ದು ಕೇಳಿಸಿದ ಶಬ್ದವನ್ನೇ ಹೊರತು ಕೇಳುವ ಚೈತನ್ಯವನ್ನಲ್ಲ.

ಇನ್ನು ಜಮಾ ಖರ್ಚಿನ ಲೆಕ್ಕವನ್ನು ನೋಡಬೇಕು. ಜಮೆಯ ಕಡೆ ಮೊದಲು ಬರೆಯಬೇಕಾದುದು ಅಹಿಂಸೆ. ತಬಲ ಮೃದಂಗಗಳ ಮುಖಕ್ಕೆ ಪಶುಗಳ ಚರ್ಮ ಬೇಕು. ಯಂತ್ರದ ತಬಲಕ್ಕೆ ಬೇಡ. ಶ್ರಾವಕನಿಗೆ ಇದು ಅಲ್ಪ ಲಾಭವಲ್ಲ. ಎರಡನೆಯದು, ದೂರದ ಹಳ್ಳಿಯ ಬಡ ಮಗುವಿಗೂ ಶ್ರುತಿ ದೊರೆತದ್ದು. ಖರ್ಚಿನ ಕಡೆಯೂ ಬರೆಯಬೇಕಾದುದು ಉಂಟು. ಮಿರಜಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಮಾನ್ಯತೆಯ ಪತ್ರದಿಂದ ಕುಶಲಕರ್ಮಿಯ ಮನೆ ನಡೆಯುವುದಿಲ್ಲ, ವಾದ್ಯ ಮಾರಾಟವಾದರೆ ನಡೆಯುತ್ತದೆ. ಮೊಬೈಲಿನ ಲೋಹಕ್ಕಾಗಿ ಭೂಮಿಯನ್ನು ಅಗೆದಾಗ, ಕೆಟ್ಟ ಮೊಬೈಲನ್ನು ತಿಪ್ಪೆಗೆ ಎಸೆದಾಗ ಆಗುವ ಹಿಂಸೆ ಕಣ್ಣಿಗೆ ಬೀಳುವುದಿಲ್ಲ. ಉದ್ಯೋಗಿ ಹಿಂಸೆ, ಆರಂಭಿ ಹಿಂಸೆಗಳನ್ನು ಗೃಹಸ್ಥನು ಪೂರ್ಣವಾಗಿ ತಪ್ಪಿಸಲಾರನಾದರೂ ಅವುಗಳ ಲೆಕ್ಕವನ್ನು ಬಚ್ಚಿಡಬಾರದು. ಚರ್ಮವಿಲ್ಲವೆಂದ ಮಾತ್ರಕ್ಕೆ ಹಿಂಸೆಯೇ ಇಲ್ಲವೆಂದು ತಿಳಿಯುವುದು ಸುಳ್ಳು ಲೆಕ್ಕ.

ಬೆಂಗಳೂರಿನ ಡಾ. ಕೆ. ವರದರಂಗನ್ ಅವರು ಚರ್ಮಕ್ಕೆ ಬದಲಾಗಿ ಕೃತಕ ಹಾಳೆಗಳನ್ನು ಬಳಸಿ ಮೃದಂಗವನ್ನು ರೂಪಿಸಿದುದು ಈ ದೃಷ್ಟಿಯಿಂದ ಗಮನಾರ್ಹ. ಅಲ್ಲಿ ಚರ್ಮ ಹೋಯಿತು, ಬೆರಳು ಉಳಿಯಿತು. ನುಡಿಸುವವನ ಶ್ರಮ, ತಪ್ಪು, ತಿದ್ದುವಿಕೆಗಳು ಅವನಲ್ಲಿಯೇ ಉಳಿದವು. ಹೊಸ ಸಾಧನವು ಮನುಷ್ಯನ ಯಾವ ಭಾರವನ್ನು ಇಳಿಸುತ್ತದೆ, ಯಾವ ಅಭ್ಯಾಸವನ್ನು ಕಸಿಯುತ್ತದೆ ಎಂದು ವಿಂಗಡಿಸಲು ಇದು ಒಳ್ಳೆಯ ನಿದರ್ಶನ.

ಮೂರನೆಯ ಪ್ರಶ್ನೆ ಅಚೌರ್ಯದ್ದು. ಇಂದು ಕೃತಕ ಬುದ್ಧಿಮತ್ತೆಯಿಂದ ಒಬ್ಬರ ಕಂಠವನ್ನು ಅನುಕರಿಸಿ ಅವರು ಎಂದೂ ಹಾಡದ ಹಾಡನ್ನು ಹಾಡಿಸಬಹುದು. 2024ರಲ್ಲಿ ಸಂಗೀತ ನಿರ್ದೇಶಕ ಎ. ಆರ್. ರಹಮಾನ್ ಅವರು 'ಲಾಲ್ ಸಲಾಂ' ಚಿತ್ರಕ್ಕಾಗಿ ಮೃತರಾಗಿದ್ದ ಇಬ್ಬರು ಗಾಯಕರ ಧ್ವನಿಯನ್ನು ಹೀಗೆ ಬಳಸಿದಾಗ, ಅವರ ಕುಟುಂಬಗಳ ಅನುಮತಿ ಪಡೆದು ಸಂಭಾವನೆಯನ್ನೂ ಕೊಟ್ಟುದಾಗಿ ತಿಳಿಸಿದರು. ಕೊಡದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ಅಣುವ್ರತವು ಹೇಳುತ್ತದೆ. ತೆಗೆದುಕೊಂಡ ಮೇಲೂ ಮೂಲ ವಸ್ತು ಅಲ್ಲಿಯೇ ಇದೆಯಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು. ಗಿರವಿ ಇಟ್ಟ ಒಡವೆಯನ್ನು ಒಂದು ದಿನ ತೊಟ್ಟು ಮರಳಿ ಪೆಟ್ಟಿಗೆಯಲ್ಲಿಟ್ಟ ಸಾಹುಕಾರನೂ ಹೀಗೆಯೇ ವಾದಿಸಬಲ್ಲನು.

ಅಂಕಿಗಳಲ್ಲಿ ನಾದವನ್ನು ಅಡಗಿಸುವ ಕಲ್ಪನೆ ಕನ್ನಡಿಗರಿಗೆ ಅಪರಿಚಿತವಲ್ಲ. ಕುಮುದೇಂದು ಮುನಿಗಳ ಸಿರಿಭೂವಲಯದ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ; ಅದರ ರಚನೆಯಾದರೋ ಎದುರಿಗೇ ಇದೆ. ಅಡ್ಡ 27, ಉದ್ದ 27, ಒಟ್ಟು 729 ಮನೆಗಳ ಚಕ್ರ; ಮನೆಗಳಲ್ಲಿ 1ರಿಂದ 64ರ ವರೆಗಿನ ಅಂಕಿಗಳು; ಒಂದೊಂದು ಅಂಕಿಗೆ ಒಂದೊಂದು ಧ್ವನಿ. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬ ಬಂಧವನ್ನು ಅರಿತು ಓದುಗನೇ ನಡೆಯದಿದ್ದರೆ ಚಕ್ರವು ಮೌನವಾಗಿರುತ್ತದೆ. ಓದುಗನ ಪಾಲುಗಾರಿಕೆಯನ್ನು ಬೇಡುವ ಇಂದಿನ ಯಂತ್ರಗಳಿಗೂ ಅದಕ್ಕೂ ಹೋಲಿಕೆಯಿದೆ, ಭೇದವೂ ಇದೆ. ಚಕ್ರವು ಓದುಗನನ್ನು ಕಾಯುತ್ತದೆ. ಇಂದಿನ ಪರದೆಯು ಅನೇಕ ವೇಳೆ ಕಾಯುವುದಿಲ್ಲ, ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಮುಂದೊಡ್ಡುತ್ತದೆ.

ಚಿಕ್ಕೇರೂರಿನ ಆ ಬಾಲಕಿಯ ವಿಷಯಕ್ಕೆ ಮರಳಿದರೆ ಉತ್ತರ ಕಠಿಣವಲ್ಲ. ಯಂತ್ರವು ಗೆರೆಯನ್ನು ತೋರಿಸಿತು. ತನ್ನ ಪಂಚಮದ ಕೊರತೆಯನ್ನು ಅರಿತವಳು ಅವಳು. ನಾಳೆ ಗೆರೆಯನ್ನು ನೋಡದೆಯೇ ಅದನ್ನು ಅರಿಯಬಲ್ಲಳಾದರೆ ಯಂತ್ರವು ಗುರುವಿನ ಸೇವಕನಾಗಿ ಕೆಲಸ ಮಾಡಿತು ಎನ್ನಬೇಕು. ಗೆರೆಯಿಲ್ಲದೆ ಹಾಡಲಾರಳಾದರೆ ಅವಳ ಕಿವಿ ಪರಾಧೀನವಾಯಿತೆಂದೇ ಅರ್ಥ. ತಪ್ಪನ್ನೇ ಯಂತ್ರದಿಂದ ತಿದ್ದಿಸಿ 'ಇದು ನನ್ನ ಹಾಡು' ಎಂದು ಸಭೆಗೆ ಒಪ್ಪಿಸಿದರೆ ಅದು ಸತ್ಯವ್ರತಕ್ಕೆ ಬಂದ ಅತಿಚಾರ. ಮೂರು ಸಂದರ್ಭಗಳಲ್ಲಿಯೂ ಯಂತ್ರ ಒಂದೇ, ಭೇದವಿರುವುದು ಭಾವದಲ್ಲಿ.

ಆದುದರಿಂದ ತಂದೆತಾಯಿಗಳು ಮಕ್ಕಳ ಕೈಯಿಂದ ಸಾಧನವನ್ನು ಕಿತ್ತುಕೊಳ್ಳಬೇಕಾಗಿಲ್ಲ, ಕೊಟ್ಟು ಸುಮ್ಮನಿರಲೂ ಬಾರದು. ಅದರಿಂದ ಉಳಿದ ಹಣವನ್ನೂ ವೇಳೆಯನ್ನೂ ಎಲ್ಲಿ ವಿನಿಯೋಗಿಸಲಾಯಿತು ಎಂದು ವಾರಕ್ಕೊಮ್ಮೆಯಾದರೂ ಕೇಳಬೇಕು. ತಂಬೂರಿಗೆ ಹೋಗಬೇಕಾಗಿದ್ದ ಹಣ ಉಳಿದಿದ್ದರೆ ಅದರ ಅಂಶ ಗುರುವಿಗೆ ಸಲ್ಲಲಿ. ಶ್ರುತಿ ಕೂಡಿಸುವ ವೇಳೆ ಉಳಿದಿದ್ದರೆ ಅದು ಯಂತ್ರವನ್ನು ಆರಿಸಿ ಷಡ್ಜವೊಂದನ್ನೇ ಹಿಡಿದು ಕೂಡುವುದಕ್ಕೆ ಸಲ್ಲಲಿ. ಆ ಹೊತ್ತಿನಲ್ಲಿ ಬಾಲಕಿಯ ಎದುರಿಗೆ ಗೆರೆಯೂ ಇರುವುದಿಲ್ಲ, ಠೇಕಾವೂ ಇರುವುದಿಲ್ಲ. ತನ್ನ ಧ್ವನಿಯನ್ನು ತಾನೇ ಕೇಳುತ್ತಿರುತ್ತಾಳೆ. ಶಾಸ್ತ್ರವು ಉಪಯೋಗವೆಂದು ಕರೆದುದು ಇದನ್ನೇ.