ಬೇರು ಬಲಿಯುವ ತನಕ

ಎಂಟು ವರ್ಷದ ಮಗು ಆಡುತ್ತ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟು ಮಾಡಿಕೊಳ್ಳುತ್ತದೆ. ಹಾಲುಹಲ್ಲು ಉದುರಿದ ಜಾಗದಲ್ಲಿ ಈಚೆಗಷ್ಟೇ ಬಂದ ಶಾಶ್ವತ ಹಲ್ಲು ಅದು. ನೋಡುವ ಕಣ್ಣಿಗೆ ಪೂರ್ತಿ ಬೆಳೆದಿದೆ. ಒಳಗೆ ಇನ್ನೂ ಎಳೆಯದು. ಒಸಡು ಸೀಳಿ ಹೊರಬಂದ ಮೇಲೂ ಹಲ್ಲಿನ ಬೇರು ಬಲಿಯಲು ಸುಮಾರು 3 ವರ್ಷ ಬೇಕು. ಅಷ್ಟರೊಳಗೆ ತಿರುಳು ಸತ್ತರೆ ಬೇರಿನ ಗೋಡೆ ತೆಳುವಾಗಿ, ತುದಿ ತೆರೆದೇ ಉಳಿಯುತ್ತದೆ.

ದಶಕಗಳ ಕಾಲ ವೈದ್ಯರು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ, ತಿಂಗಳುಗಟ್ಟಲೆ ಕಾದು ಆ ತುದಿಯನ್ನು ಮುಚ್ಚಿಸುತ್ತಿದ್ದರು. ಆಮೇಲೆ ಎಂಟಿಎ ಎಂಬ ಸಿಮೆಂಟ್ ಬಂದು ಕೆಲಸ ಬೇಗ ಮುಗಿಯತೊಡಗಿತು. ತುದಿ ಮುಚ್ಚಿತು, ಗೋಡೆ ಮಾತ್ರ ದಪ್ಪವಾಗಲಿಲ್ಲ. 2001ರಲ್ಲಿ ಜಪಾನಿನ ಇವಾಯ ಮತ್ತು ಸಂಗಡಿಗರು, 2004ರಲ್ಲಿ ಬ್ಯಾಂಕ್ಸ್ ಮತ್ತು ಟ್ರೋಪ್ ಇನ್ನೊಂದು ದಾರಿ ತೋರಿದರು: ಸೋಂಕನ್ನು ಕಳೆದು, ಬೇರನ್ನು ಅದರ ಪಾಡಿಗೆ ಬೆಳೆಯಬಿಡುವುದು.

ಈ ದಾರಿಯಲ್ಲಿ ವೈದ್ಯರ ಕೈ ಹಿಡಿತ ಕಲಿಯಬೇಕಾಗುತ್ತದೆ. ತೊಳೆಯುವ ದ್ರಾವಣ ತೀರಾ ತೀಕ್ಷ್ಣವಾದರೆ ಬೇರಿನ ತುದಿಯಲ್ಲಿರುವ ಆಕರಕೋಶಗಳೂ ಸಾಯುತ್ತವೆ. ತೀರಾ ಸಪ್ಪೆಯಾದರೆ ಸೋಂಕು ಉಳಿಯುತ್ತದೆ. ಆಮೇಲೆ ಸಣ್ಣ ಉಪಕರಣದಿಂದ ತುದಿಯಾಚೆ ಕೆಣಕಿ, ಬೇರಿನೊಳಗೆ ರಕ್ತ ಬರಿಸಿ, ಹೆಪ್ಪುಗಟ್ಟಿಸುತ್ತಾರೆ. ಬೆಳೆಯಬೇಕಾದದ್ದು ಆ ಹೆಪ್ಪನ್ನೇ ಆಸರೆಯಾಗಿ ಹಿಡಿಯುತ್ತದೆ. ಅಲ್ಲಿಂದ ಮುಂದಿನದು ವೈದ್ಯರ ಕೈಯಲ್ಲಿಲ್ಲ.

ಹಲವು ದಂತವೈದ್ಯರು ಇದಕ್ಕೆ ಹಿಂಜರಿಯುವುದಕ್ಕೂ ಕಾರಣವಿದೆ. ಬಳಸುವ ಔಷಧದಿಂದ ಹಲ್ಲು ಕಪ್ಪಿಡಬಹುದು. ಒಂದು ಮಗುವಿನಲ್ಲಿ ಬೇರು ಬಲಿತರೆ ಇನ್ನೊಂದರಲ್ಲಿ ಬಲಿಯದು. ವರ್ಷಗಟ್ಟಲೆ ಮಗುವನ್ನು ಕರೆಸಿ ನೋಡುತ್ತಿರಬೇಕು. ಸೂಕ್ಷ್ಮದರ್ಶಕದಡಿ ನೋಡಿದಾಗ ಒಳಗೆ ಬೆಳೆದದ್ದು ಬಹಳ ಸಲ ನಿಜವಾದ ತಿರುಳಾಗಿರದೆ, ಎಲುಬನ್ನೋ ಬೇರಿನ ಹೊರಕವಚವನ್ನೋ ಹೋಲುವ ಅಂಗಾಂಶವಾಗಿತ್ತು. ಆದ್ದರಿಂದ ಇದನ್ನು ಪುನರುತ್ಪತ್ತಿ ಎನ್ನದೆ ದುರಸ್ತಿ ಎನ್ನೋಣ ಎಂಬ ವೈದ್ಯರಿದ್ದಾರೆ. ನನಗೆ ಅವರ ಮೇಲೆ ಗೌರವ. ತಾವು ಮಾಡುವ ಒಳ್ಳೆಯ ಕೆಲಸಕ್ಕೂ ಅದಕ್ಕೆ ಸಲ್ಲುವುದಕ್ಕಿಂತ ದೊಡ್ಡ ಹೆಸರು ಬೇಡವೆನ್ನುವುದು ಸುಲಭವಲ್ಲ. ಹೆಸರು ನಂಬಿ ಒಪ್ಪಿಗೆಗೆ ಸಹಿ ಹಾಕುವವರು ತಂದೆತಾಯಿ, ಆ ಹಲ್ಲನ್ನಿಟ್ಟುಕೊಂಡು ಬಾಳುವುದು ಮಗು.

ಹಿಂಜರಿಕೆಯಿಂದ ಕೈಬಿಡುವುದೂ ಸರಿಯಲ್ಲ, ಉತ್ಸಾಹದಿಂದ ಮಾತು ಕೊಡುವುದೂ ಸರಿಯಲ್ಲ. "ಡಾಕ್ಟ್ರೇ, ಬೇರು ಬೆಳೆಯುತ್ತಾ?" ಎಂದು ತಾಯಿ ಕೇಳುತ್ತಾರೆ. "ಬೆಳೆಯಬಹುದಮ್ಮ, ಬೆಳೆಯದೆಯೂ ಇರಬಹುದು. ಆರು ತಿಂಗಳಿಗೆ ಕರ್ಕೊಂಡು ಬನ್ನಿ, ನೋಡೋಣ" ಎನ್ನುತ್ತಾರೆ ವೈದ್ಯರು. ಆ 'ನೋಡೋಣ' ಎಂಬುದರಲ್ಲಿ ಸುಳ್ಳಿಲ್ಲ. ಮಗುವಿನ ಜೊತೆ ತಾವೂ ಕಾಯುತ್ತೇವೆಂಬ ಮಾತಿದೆ.