ಹುಲ್ಲಿನ ತುದಿಯಲ್ಲಿ

ಹಸುವಿನ ಕಿವಿಯ ಮಡಿಕೆಯಿಂದ ಉಣುಗು ಕಿತ್ತು ಕೆಂಡಕ್ಕೆ ಹಾಕಿದರೆ ಚಟ್ಟೆಂದು ಸಿಡಿಯುತ್ತಿತ್ತು. ರಕ್ತ ಕುಡಿದು ಊದಿಕೊಂಡ ಆ ಬೂದುಬಣ್ಣದ ಜೀವಿಯ ಬಗ್ಗೆ ಚಿಕ್ಕಂದಿನಲ್ಲಿ ನನಗಿದ್ದದ್ದು ಬರೀ ಹೇಸಿಗೆ. ಬೆರಗು ಹುಟ್ಟಿದ್ದು ಬಹಳ ತಡವಾಗಿ, ಮಂಗನ ಕಾಯಿಲೆಯ ಬಗ್ಗೆ ಓದತೊಡಗಿದ ಮೇಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗ ಸತ್ತರೆ ಹಳದಿ ಜ್ವರ ಬಂತೆಂದು ಲೆಕ್ಕ. ಅದೇ ಇಲ್ಲಿಗೂ ಕಾಲಿಟ್ಟಿತೇ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಆತಂಕದಿಂದಲೇ ಓಡಿಬಂದರು. ಸಿಕ್ಕಿದ್ದು ಬೇರೆಯೇ ವೈರಸ್. ಆಗ ಗೊತ್ತಿದ್ದ ಅದರ ಹತ್ತಿರದ ನೆಂಟ ಇದ್ದದ್ದು ರಷ್ಯಾದ ಹಿಮಕಾಡುಗಳಲ್ಲಿ. ಮಲೆನಾಡಿನ ಒಂದು ಊರಿನ ಹೆಸರು ಹೀಗೆ ವೈದ್ಯಗ್ರಂಥಗಳಿಗೆ ಹತ್ತಿತು. ಯಾವ ಊರೂ ಬಯಸದ ಕೀರ್ತಿ ಅದು.

ಜನರ ಬಾಯಲ್ಲಿ ಮಾತ್ರ ಹೆಸರು ಮಂಗನ ತಲೆಗೇ ಬಂತು. (ಗದ್ದ ಊದುವ ಮಂಗನಬಾವಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಪಾಪದ ಪ್ರಾಣಿಗೆ ಎರಡೆರಡು ಅಪವಾದ.) ಕಾಯಿಲೆಯನ್ನು ನಮಗೆ ನೇರ ದಾಟಿಸುವುದು ಮಂಗವಲ್ಲ, ಉಣುಗು. ಮಂಗ ನಮಗಿಂತ ಮೊದಲೇ ಸಾಯುತ್ತದೆ, ಅಷ್ಟೆ.

ಉಣುಗಿನ ಬದುಕು ನೋಡಿ. ಮಳೆಗಾಲ ಕಳೆಯುವ ಹೊತ್ತಿಗೆ ತರಗೆಲೆಯ ಅಡಿಯಲ್ಲಿ ಮೊಟ್ಟೆಯೊಡೆದು ಬರುವ ಮರಿಗೆ ಆರೇ ಕಾಲು. ಇಲಿಯನ್ನೋ ಮಂಗವನ್ನೋ ಹತ್ತಿ ಒಂದು ಸಲ ರಕ್ತ ಕುಡಿಯುತ್ತದೆ, ಕೆಳಗೆ ಬೀಳುತ್ತದೆ, ಪೊರೆ ಕಳಚಿ ಎಂಟು ಕಾಲಿನದಾಗಿ ಏಳುತ್ತದೆ. ಮತ್ತೊಂದು ಪ್ರಾಣಿ, ಮತ್ತೊಂದು ಊಟ. ಮತ್ತೆ ಪೊರೆ ಕಳಚಿ ಬಲಿತು, ದನದಂಥ ದೊಡ್ಡ ಪ್ರಾಣಿಯ ಮೇಲೆ ಕೊನೆಯ ಊಟ. ಇಡೀ ಬದುಕಿಗೆ ಮೂರೇ ಹೊತ್ತಿನ ಊಟ! ಮೊದಲ ಊಟದಲ್ಲಿ ವೈರಸ್ ಒಳಹೊಕ್ಕಿತೋ, ಉಣುಗು ಪೊರೆ ಕಳಚಿ ಹೊಸ ಮೈ ಕಟ್ಟಿಕೊಳ್ಳುವಾಗಲೂ ಅದು ಉಳಿದುಕೊಳ್ಳುತ್ತದೆ. ಮನೆ ಕೆಡವಿ ಕಟ್ಟುವಾಗ ಜಗುಲಿ ಬಿಟ್ಟು ಏಳದ ಒಕ್ಕಲಿನ ಹಾಗೆ. ಆ ವೈರಸ್ಸಾದರೂ ಎಷ್ಟು ದೊಡ್ಡದು? ಅದರ ಆರ್‌ಎನ್‌ಎಯಲ್ಲಿರುವುದು ಸುಮಾರು 11 ಸಾವಿರ ಅಕ್ಷರ. ಒಂದು ಸಣ್ಣಕಥೆಯ ಉದ್ದ. ಅಷ್ಟರಲ್ಲೇ ಇಲಿಯ ರಕ್ತ, ಉಣುಗಿನ ಜೊಲ್ಲು, ಮಂಗನ ಸಾವು ಎಲ್ಲಕ್ಕೂ ಜಾಗವಿದೆ.

ಈ ಹಾದಿಯ ಒಂದೊಂದು ತಂಗುದಾಣಕ್ಕೂ ವೈದ್ಯರು ಹೆಸರಿಟ್ಟಿದ್ದಾರೆ. ಹೊತ್ತು ತರುವ ಉಣುಗು ರೋಗವಾಹಕ. ವೈರಸ್ಸಿಗೆ ಮೈಕೊಟ್ಟ ಪ್ರಾಣಿ ಆಶ್ರಯದಾತ. ಕಚ್ಚಿಸಿಕೊಂಡ ದಿನದಿಂದ ಚಳಿಜ್ವರ ಏಳುವವರೆಗಿನ ಮೂರರಿಂದ ಎಂಟು ದಿನಗಳಿಗೆ ಅವರ ಮಾತಿನಲ್ಲಿ ಇನ್‌ಕ್ಯುಬೇಷನ್ ಅವಧಿ ಎನ್ನುತ್ತಾರೆ. ಕೋಳಿ ಮೊಟ್ಟೆಗೆ ಕೂರುವುದಕ್ಕೂ ಅದೇ ಶಬ್ದ. ನಾವು ಕಾವು ಎನ್ನಬಹುದು. ಮೈಯೊಳಗೆ ಏನೋ ಕಾವಿಗೆ ಕೂತಿರುವಾಗ ಮನುಷ್ಯ ಹಾಲು ಕರೆದು, ಅಡಿಕೆ ಸುಲಿದು, ನಗುತ್ತ ಓಡಾಡಿಕೊಂಡಿರುತ್ತಾನೆ.

ನನ್ನನ್ನು ಹೆಚ್ಚು ಕಾಡಿದ ಮಾತು ಇನ್ನೊಂದು. ಈ ಕಾಯಿಲೆಯಲ್ಲಿ ಮನುಷ್ಯ ‘ಕೊನೆಯ ಆಶ್ರಯ’. ಅವನಿಂದ ಇನ್ನೊಬ್ಬ ಮನುಷ್ಯನಿಗೆ ಇದು ಹರಡುವುದಿಲ್ಲ. ಹಾದಿ ಅಲ್ಲಿಗೆ ಮುಗಿಯುತ್ತದೆ. ಹಿಡಿದ ನೂರು ಜನರಲ್ಲಿ ಮೂವರೋ ಐವರೋ ಸಾಯುತ್ತಾರೆ, ಆದರೆ ಆ ಸಾವಿನಿಂದ ವೈರಸ್ಸಿಗೆ ಕಿಲುಬುಕಾಸಿನ ಲಾಭವಿಲ್ಲ. ಅದು ನಮ್ಮನ್ನು ಹುಡುಕಿಕೊಂಡು ಬಂದದ್ದೇ ಅಲ್ಲ. ಇಲಿ, ಉಣುಗು, ಮಂಗಗಳ ನಡುವಿನ ವ್ಯವಹಾರದಲ್ಲಿ ನಾವು ದಾರಿತಪ್ಪಿ ನುಗ್ಗಿದವರು. ಕಾಡು ಕಡಿದೆವು, ದನ ಮೇಯಿಸಿದೆವು, ಆ ದನದ ರಕ್ತ ಕುಡಿದು ಉಣುಗು ಹೆಚ್ಚಿತು. ಇದಕ್ಕೆ ಸಿಟ್ಟು ಬರಬೇಕೋ ನಾಚಿಕೆಯಾಗಬೇಕೋ ನನಗಂತೂ ಬಗೆಹರಿದಿಲ್ಲ.

ಕನ್ನಡದಲ್ಲಿ ಸೋಂಕು ಎಂದರೆ ಮೊದಲು ಮುಟ್ಟುವುದು, ತಾಗುವುದು ಎಂದಷ್ಟೇ ಅರ್ಥ. ಹಳಗನ್ನಡದಲ್ಲಿ ತಂಗಾಳಿಯೂ ಸೋಂಕುತ್ತಿತ್ತು, ನಲ್ಲೆಯ ಕೈಯೂ ಸೋಂಕುತ್ತಿತ್ತು. ರೋಗಕ್ಕೆ ಬೇಕಾದದ್ದೂ ಅಷ್ಟೇ, ಒಂದು ತಾಗುವಿಕೆ. ಸತ್ತ ಮಂಗನಿಗೆ ಹನುಮಂತನೆಂದು ಹೂವೇರಿಸಿ ಮಣ್ಣು ಮಾಡಲು ಹೋಗುವ ಭಕ್ತಿಯ ಕೈಗೂ ಅದು ತಾಗಬಹುದು. ಮೈ ತಣ್ಣಗಾದ ಮಂಗನಿಂದ ಉಣುಗುಗಳು ಇಳಿದು ಅಲ್ಲೇ ಸುತ್ತಮುತ್ತ ಹರಡಿರುತ್ತವೆ.

ಡಿಸೆಂಬರ್ ಹೊತ್ತಿಗೆ ಎಳೆ ಉಣುಗು ಹುಲ್ಲಿನ ತುದಿಗೇರಿ ಮುಂಗಾಲೆರಡನ್ನೂ ಚಾಚಿ ನಿಲ್ಲುತ್ತದೆ. ಕಣ್ಣಿಲ್ಲ. ಬರುವವರ ಉಸಿರನ್ನೂ ಮೈಬಿಸಿಯನ್ನೂ ಆ ಮುಂಗಾಲೇ ಹಿಡಿಯಬೇಕು. ಆ ಹೊತ್ತಿಗೇ ಹಳ್ಳಿಯ ಹೆಂಗಸರು ಕೊಟ್ಟಿಗೆಗೆ ದರಗು ಗುಡಿಸಿ ತರಲು ಬೆಟ್ಟಕ್ಕೆ ಹೊರಡುತ್ತಾರೆ, ಆಸ್ಪತ್ರೆಯವರು ಕೊಟ್ಟ ಎಣ್ಣೆಯನ್ನು ಕಾಲಿಗೆ ಸವರಿಕೊಂಡು, ಕೆಲವೊಮ್ಮೆ ಮರೆತು.